ಮುಳುಗಿದ ಊರಿನ ಮಾತು ಬರೆದಿಡೋರು ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದುಕೊಂಡು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಸುದ್ದಿ ಹೊಸಪೇಟೆಯಿಂದ ಹಡಗಲಿವರೆಗೆ ಚಾ ಅಂಗಡಿ ಚಾ ಅಂಗಡಿಗೂ ಮುಟ್ಟಿತ್ತು. ಎಂಜಿನಿಯರುಗಳು ಹರಿಯುವ ನೀರಲ್ಲೇ ಹೊಸ ಬಾಗಿಲು ಇಳಿಬಿಡುವ ತನಕ ಒಂದು ವಾರ ಜನ ಮೊಬೈಲು ಬಿಟ್ಟು ಕಣ್ಣು ಕೀಳಲಿಲ್ಲ. ಆ ವಾರದ್ದು ಏನು ಬೇಕು ಕೇಳಿ, ಇವತ್ತಿಗೂ ಸಿಗುತ್ತದೆ. ನೀರು ನುಗ್ಗಿದ್ದು, ಮಂತ್ರಿಗಳು ಬಂದದ್ದು, ರೈತರು ತಲೆ ಮೇಲೆ ಕೈ ಹೊತ್ತು ಕೂತದ್ದು, ಎಲ್ಲ ವಿಡಿಯೊ ಆಗಿದೆ.

ಅದೇ ಅಣೆಕಟ್ಟೆಗೆ ಮೊದಲ ನೀರು ನಿಂತದ್ದು 1953ರಲ್ಲಿ. ಹೊಳೆಯ ಎರಡೂ ದಂಡೆ ಸೇರಿ ಸುಮಾರು 90 ಹಳ್ಳಿಗಳು ಮುಳುಗಡೆಗೆ ಸಿಕ್ಕವು. ಐವತ್ತು ಸಾವಿರಕ್ಕೂ ಮಿಕ್ಕಿ ಜನ ಗಂಟುಮೂಟೆ ಕಟ್ಟಿದರು. ಆ ಜನ ಮನೆ ಬಿಟ್ಟ ದಿನ ಒಲೆ ಮೇಲೆ ಏನಿತ್ತು? ಬಾಗಿಲು, ತೊಲೆ ಕಿತ್ತು ಬಂಡಿಗೆ ಹೇರಿದರೋ, ಅಲ್ಲೇ ಬಿಟ್ಟರೋ? ಬೀಸುವ ಕಲ್ಲು ಹೊತ್ತುಕೊಂಡು ಬಂದವರು ಯಾರು? ಊರಮ್ಮನ ಗುಡಿಗೆ ಕೊನೆಯ ಸಲ ದೀಪ ಹಚ್ಚಿದವರು ಯಾರು? ಇದಕ್ಕೆ ಸರ್ಕಾರಿ ಫೈಲಿನಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ. ಫೈಲಿಗೆ ಬೇಕಾದ್ದು ಸರ್ವೆ ನಂಬರು, ಎಕರೆ, ಗುಂಟೆ, ಪರಿಹಾರದ ರೂಪಾಯಿ. ಒಲೆ ಮೇಲಿನ ಸಾರು ಯಾವ ಕಾಲಂನಲ್ಲೂ ಬರುವುದಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ ಈ ಹಿನ್ನೀರಿನ ಮಗ್ಗುಲ ಊರು. ಇಲ್ಲಿಂದ ಮರಿಯಮ್ಮನಹಳ್ಳಿವರೆಗಿನ ದಾರಿಯ ಊರುಗಳಲ್ಲಿ ಬಸ್ಸಿಗೆ ಕಾಯುವ ಹಿರಿಯರನ್ನು ಮಾತಾಡಿಸಿ ನೋಡಿ. ‘ನಮ್ದು ಮೊದ್ಲು ಕೆಳಗಿತ್ತಪ್ಪ’ ಎಂದು ಕೈ ಹೊಳೆ ಕಡೆ ಮಾಡುವವರು ಇನ್ನೂ ಇದ್ದಾರೆ. ಆದರೆ ಲೆಕ್ಕ ಹಾಕಿ: 1953ರಲ್ಲಿ ಹತ್ತು ವರ್ಷದ ಹುಡುಗ ಆಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಆಗಲೇ ಮದುವೆಯಾಗಿ ಸಂಸಾರ ಮಾಡುತ್ತಿದ್ದವರು ತೊಂಬತ್ತರ ಮೇಲೆ. ಇನ್ನೊಂದು ಹತ್ತು ವರ್ಷ ಬಿಟ್ಟು ಕೇಳೋಣ ಅಂದರೆ ಕೇಳೋದಕ್ಕೆ ಕಿವಿ ಇರ್ತಾವೆ, ಹೇಳೋದಕ್ಕೆ ಬಾಯಿ ಇರೋದಿಲ್ಲ.

ಈ ಕೆಲಸ ಯಾರು ಮಾಡಬೇಕು? ದೊಡ್ಡ ದೊಡ್ಡ ಪಂಡಿತರು ಕಾರು ಮಾಡಿಕೊಂಡು ಬರಬೇಕಾಗಿಲ್ಲ. ಊರಿನ ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು ಸಾಕು. ಹೇಳುವ ಅಜ್ಜ ಅವರ ಮನೆಯ ಪಡಸಾಲೆಯಲ್ಲೇ ಕೂತಿರುತ್ತಾನೆ. ಬೇರೆ ದೇಶಗಳಲ್ಲಿ ಇದನ್ನು ಮಕ್ಕಳೇ ಮಾಡಿ ತೋರಿಸಿದ್ದಾರೆ.

ಶಾಲೆ ಮಕ್ಕಳ ಏಳು ಲಕ್ಷ ಪುಟ

ಐರ್ಲೆಂಡಿನ ಕಥೆ ಕೇಳಬೇಕು. ಆ ದೇಶ ಸ್ವತಂತ್ರವಾಗಿ ಇನ್ನೂ ಹದಿನೈದು ವರ್ಷ ಆಗಿತ್ತು. 1937ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಒಂದು ಕೆಲಸ ಹಚ್ಚಿತು. ಮೇಲಿನ ತರಗತಿಯ ಮಕ್ಕಳು ವಾರದ ಪ್ರಬಂಧದ ಪೀರಿಯಡ್‌ನಲ್ಲಿ ‘ಹಸುವಿನ ಉಪಯೋಗಗಳು’ ಮಾದರಿಯಲ್ಲಿ ಗೀಚುವ ಬದಲು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬಂದು ಬರೆಯಬೇಕು. ಏನೇನು ಕೇಳಬೇಕು ಎಂಬುದಕ್ಕೆ ಮೇಷ್ಟ್ರುಗಳ ಕೈಗೆ ಒಂದು ಪುಟ್ಟ ಪುಸ್ತಕ ಕೊಟ್ಟರು. ರೊಟ್ಟಿ ಹೇಗೆ ಸುಡುತ್ತಿದ್ದಿರಿ, ಊರಲ್ಲಿ ಕಮ್ಮಾರ ಯಾರು, ಜಾತ್ರೆ ಎಲ್ಲಿ ನಡೆಯುತ್ತಿತ್ತು, ಬರ ಬಂದಾಗ ಏನು ತಿಂದಿರಿ, ಹಲ್ಲುನೋವಿಗೆ ಏನು ಮದ್ದು, ಇಂಥವೇ ಪ್ರಶ್ನೆಗಳು. ಎರಡು ವರ್ಷದೊಳಗೆ ಸುಮಾರು ಐದು ಸಾವಿರ ಶಾಲೆಗಳ ಐವತ್ತು ಸಾವಿರದಷ್ಟು ಮಕ್ಕಳು ಏಳು ಲಕ್ಷ ನಲವತ್ತು ಸಾವಿರ ಪುಟ ಬರೆದು ಒಪ್ಪಿಸಿದರು. ಆ ಮಕ್ಕಳ ದುಂಡಕ್ಷರದ ನೋಟ್‌ಬುಕ್ಕುಗಳು ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಇವೆ. ಆ ದೇಶದ ಮಹಾ ಬರಗಾಲದ ಬಗ್ಗೆ ಬರೆಯುವ ಪ್ರೊಫೆಸರುಗಳು ಇವತ್ತು ಆ ಹನ್ನೆರಡು ವರ್ಷದ ಮಕ್ಕಳ ಬರಹವನ್ನು ಹುಡುಕಿಕೊಂಡು ಬರುತ್ತಾರೆ!

ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನಲ್ಲಿ 1966ರಲ್ಲಿ ಇನ್ನೊಂದು ನಡೆಯಿತು. ರೇಬನ್ ಗ್ಯಾಪ್ ಎಂಬಲ್ಲಿನ ಹೈಸ್ಕೂಲಿನಲ್ಲಿ ಹುಡುಗರು ಇಂಗ್ಲಿಷ್ ಪಾಠಕ್ಕೆ ಕೂರಲೊಲ್ಲರು. ಮೇಷ್ಟ್ರು ಪಾಠ ಪಕ್ಕಕ್ಕಿಟ್ಟು, ಊರಿನ ಮುದುಕರನ್ನು ಮಾತಾಡಿಸಿ ಒಂದು ಪತ್ರಿಕೆ ಮಾಡೋಣ ಅಂದರು. ಮರದ ದಿಮ್ಮಿಯಲ್ಲಿ ಮನೆ ಕಟ್ಟುವುದು, ಹಂದಿ ಕೊಯ್ದು ಮಾಂಸ ಇಡುವುದು, ಸೋಪು ಕುದಿಸುವುದು, ಯಾವ ನಕ್ಷತ್ರದಲ್ಲಿ ಬಿತ್ತುವುದು, ಎಲ್ಲ ಹುಡುಗರು ಕೇಳಿ ಬರೆದರು. ‘ಫಾಕ್ಸ್‌ಫೈರ್’ ಎಂದು ಪತ್ರಿಕೆಗೆ ಹೆಸರು. 1972ರಲ್ಲಿ ಅದು ಪುಸ್ತಕವಾಗಿ ಬಂತು, ಲಕ್ಷ ಲಕ್ಷ ಪ್ರತಿ ಖರ್ಚಾಯಿತು. ಪಾಠಕ್ಕೆ ಕೂರದ ಹುಡುಗರು ಬರೆದ ಪುಸ್ತಕ!

ನಮ್ಮ ಸೀಮೆಯಲ್ಲಿ ಇಂಥ ಕೆಲಸ ಆಗಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು ತಮ್ಮ ಊರ ಸುತ್ತಿನ ಜನರ ಬಾಯಲ್ಲಿದ್ದ ಮಾತುಗಳನ್ನೇ ಕೂಡಿಸಿ ‘ಚಿಗಟೇರಿ ಪದಕೋಶ’ ಮಾಡಿದರು. ಒಂದು ಹಳ್ಳಿಗೆ ಒಂದು ನಿಘಂಟು! 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದ ಮೇಲೆ ಜಾನಪದ, ಬುಡಕಟ್ಟು ಅಧ್ಯಯನದ ವಿದ್ಯಾರ್ಥಿಗಳು ಹೆಗಲಿಗೆ ಟೇಪ್‌ರೆಕಾರ್ಡರು ನೇತುಹಾಕಿಕೊಂಡು ಹಟ್ಟಿ, ತಾಂಡಾ ಅಲೆದರು. ದರೋಜಿಯ ಈರಮ್ಮನವರ ಬಾಯಿಂದ ಬಂದ ಬುರ್ರಕಥೆಗಳು ಅಚ್ಚಾದವು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ತಮ್ಮ ಬದುಕನ್ನು ಹೇಳಿದರು, ಈ ಕಡೆಯವರೇ ಆದ ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡರು, ಅದು ಪುಸ್ತಕವಾಯಿತು. 2021ರಲ್ಲಿ ಮಂಜಮ್ಮನವರಿಗೆ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ‘ಗ್ರಾಮ ಚರಿತ್ರೆ ಕೋಶ’ ಎಂದು ಜಿಲ್ಲಾವಾರು ಹಳ್ಳಿಗಳ ಚರಿತ್ರೆ ಬರೆಸಲು ಕೈಹಾಕಿತು. ಪಿ. ಸಾಯಿನಾಥ್ 2014ರಲ್ಲಿ ಶುರುಮಾಡಿದ ‘ಪರಿ’ ಎಂಬ ಗ್ರಾಮೀಣ ಭಾರತದ ಭಂಡಾರದಲ್ಲಿ ಕಾಲೇಜು ವಿದ್ಯಾರ್ಥಿಗಳು ಬರೆದ ಹಳ್ಳಿಯ ಕಥೆಗಳೂ ಸೇರಿವೆ.

ಆದರೆ ಹಾಡಿಗೆ, ಕಥೆಗೆ, ಕುಣಿತಕ್ಕೆ ಸಿಕ್ಕ ಮರ್ಯಾದೆ ದಿನದ ಬದುಕಿಗೆ ಸಿಕ್ಕಿಲ್ಲ. ಹಾಡು ಬರುವ ಅಜ್ಜಿಯ ಮುಂದೆ ಮೈಕು ಹಿಡಿಯುತ್ತಾರೆ. ಹಾಡು ಬಾರದ, ನಲವತ್ತು ವರ್ಷ ರೊಟ್ಟಿ ಬಡಿದು ಹತ್ತು ಮಂದಿಗೆ ಉಣಿಸಿದ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳನ್ನು ಯಾರೂ ಕೇಳುವುದಿಲ್ಲ.

ಏಳು ರೂಪಾಯಿಗೆ ಆರು ರೂಪಾಯಿ

ಹಂಪಸಾಗರದ ಸೀಮೆಯಲ್ಲಿ ಕೇಳುವುದಕ್ಕೆ ಏನಿದೆ ಅಂತೀರಾ? ಅಣೆಕಟ್ಟೆಗಿಂತ ಮುಂಚಿನ ಒಂದು ಸಂಗತಿ ತಗೊಳ್ಳಿ. ಇವತ್ತು ಹೊಳೆ ಆಚೆ ಕೊಪ್ಪಳ ಜಿಲ್ಲೆ, ಈಚೆ ವಿಜಯನಗರ ಜಿಲ್ಲೆ, ಅಷ್ಟೆ. ಆಗ ಈಚೆ ದಂಡೆ ಮದರಾಸು ಸರ್ಕಾರದ್ದು, ಆಚೆ ದಂಡೆ ಹೈದರಾಬಾದ್ ನಿಜಾಮರದ್ದು. ನಡುವೆ ಹರಗೋಲು. ಹರಗೋಲು ಇಳಿದರೆ ಕಾನೂನು ಬೇರೆ, ಕಚೇರಿ ಭಾಷೆ ಬೇರೆ, ಕಡೆಗೆ ರೂಪಾಯಿಯೂ ಬೇರೆ! ಈಚೆ ಕಲ್ದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಕಲ್ದಾರ. ನಿಜಾಮರ ಸಂಸ್ಥಾನಕ್ಕೆ ಅದರದೇ ಸುಂಕವೂ ಇತ್ತು. ಹೊಳೆ ದಾಟಿ ಹೆಣ್ಣು ತಂದವರು, ಹೊಳೆ ದಾಟಿ ಸಂತೆ ಮಾಡಿದವರು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಮದುವೆಗೆ ಒಯ್ದ ಸೀರೆ, ಬೆಲ್ಲಕ್ಕೆ ಸುಂಕ ಕೊಟ್ಟರೋ, ಕತ್ತಲಲ್ಲಿ ದಾಟಿಸಿದರೋ? ಈ ಪ್ರಶ್ನೆಗೆ ಉತ್ತರ ಹೇಳುವಾಗ ಎಂಬತ್ತೈದರ ಅಜ್ಜನಿಗೂ ನಗು ಬಾರದೆ ಇರಲಿಕ್ಕಿಲ್ಲ.

ಸ್ವಾತಂತ್ರ್ಯವೂ ಒಂದೇ ದಿನ ಬರಲಿಲ್ಲ. ಈಚೆ ದಂಡೆಗೆ 1947ರ ಆಗಸ್ಟ್ 15. ಆಚೆ ದಂಡೆಗೆ 1948ರ ಸೆಪ್ಟೆಂಬರ್ 17. ನಡುವಿನ ಹದಿಮೂರು ತಿಂಗಳು ರಜಾಕಾರರ ಹಾವಳಿಗೆ ಹೆದರಿ ಆ ಕಡೆಯಿಂದ ಈ ಕಡೆ ಬಂದವರುಂಟು. ಅವರಿಗೆ ಯಾರ ಮನೆಯಲ್ಲಿ ಜಾಗ ಸಿಕ್ಕಿತು, ಯಾರು ಜ್ವಾಳ ಕೊಟ್ಟರು, ಯಾರು ಬಾಗಿಲು ಹಾಕಿಕೊಂಡರು? ಇದು ಸಭೆಯಲ್ಲಿ ಭಾಷಣಕ್ಕೆ ಬರುವ ಮಾತಲ್ಲ. ಪಡಸಾಲೆಯಲ್ಲಿ ಮೊಮ್ಮಗಳ ಮುಂದೆ ಬರುವ ಮಾತು.

1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಒಂದೇ ವರ್ಷ ಹಲವರಿಗೆ ಊರೂ ಹೋಯಿತು, ರಾಜ್ಯವೂ ಬದಲಾಯಿತು! ಹರಪನಹಳ್ಳಿಯ ಹಿರಿಯರ ಕಥೆ ಇನ್ನೂ ಮಜಾ. ಮನೆ ಹೊಸ್ತಿಲು ಬದಲಿಸದೆ ಅವರು ಮದರಾಸು ರಾಜ್ಯದಲ್ಲಿ ಹುಟ್ಟಿ, ಮೈಸೂರು ರಾಜ್ಯಕ್ಕೆ ಬಂದು, 1973ರಲ್ಲಿ ಕರ್ನಾಟಕದವರಾಗಿ, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ತಿರುಗಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಅಡ್ರೆಸ್ ಬರೆಯುವವರಿಗೆ ಕೇಳಿ ಅದರ ಕಷ್ಟ.

ಅಂಗಡಿಕಾರರ ಹತ್ತಿರವೂ ಒಂದು ಖಜಾನೆ ಇದೆ, ಅವರಿಗೇ ಗೊತ್ತಿಲ್ಲ. ತಾತನ ಕಾಲದ ಕಿರ್ದಿ ಪುಸ್ತಕ, ಉದ್ರಿ ಖಾತೆ ಅಟ್ಟದ ಮೇಲೆ ಇಲಿ ಕಡಿಯುತ್ತಾ ಬಿದ್ದಿರುತ್ತವೆ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯೇ ಪೈಸೆ ಆಯಿತು. ಒಂದಾಣೆಗೆ ಆರೂಕಾಲು ಪೈಸೆ! ಕಾಲು ಪೈಸೆ ಕೊಡುವುದು ಹೇಗೆ, ಬಿಡುವುದು ಯಾರು? ಆಮೇಲೆ ಸೇರು, ಪಾವು, ಚಟಾಕು ಹೋಗಿ ಕಿಲೊ, ಗ್ರಾಂ ಬಂದವು. ಗಿರಾಕಿ ‘ಸೇರು ಕೊಡು’ ಅಂದರೆ ಕಿಲೊ ತೂಗಿ ಕೊಟ್ಟು ಬೈಸಿಕೊಂಡವರು ಎಷ್ಟು ಮಂದಿಯೋ. ಯಾರ ಮದುವೆಗೆ ಎಷ್ಟು ಬೆಲ್ಲ ಹೋಯಿತು, ಬರದ ವರ್ಷ ಯಾರ ಬಾಕಿ ವಸೂಲಾಗದೆ ಉಳಿಯಿತು, ಎಲ್ಲ ಆ ಖಾತೆಯಲ್ಲಿ ಇರುತ್ತದೆ. ಅದನ್ನು ಓದಿ ಹೇಳಬಲ್ಲ ಹಿರಿಯರು ಇರುವಾಗಲೇ ಹುಡುಗರ ಮುಂದೆ ಬಿಚ್ಚಬೇಕು. ರದ್ದಿಗೆ ಹಾಕಿದರೆ ಕಿಲೊಗೆ ಎಷ್ಟು ಬಂದೀತು?

ಕೇಳುವುದೂ ಒಂದು ಕಸುಬು

ಶಾಲೆಯಲ್ಲಿ ಪ್ರಾಜೆಕ್ಟು ಎಂಬುದು ಈಗಲೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಇಪ್ಪತ್ತು ಅಂಕ ಶಾಲೆಯ ಕೈಯಲ್ಲೇ ಇದೆ. ಆದರೆ ಆಗುತ್ತಿರುವುದೇನು? ಹುಡುಗ ಸ್ಟೇಷನರಿ ಅಂಗಡಿಗೆ ಬಂದು ಚಾರ್ಟು, ಗೋಂದು, ರಾಷ್ಟ್ರನಾಯಕರ ಚಿತ್ರದ ಹಾಳೆ ಕೊಳ್ಳುತ್ತಾನೆ. ಉಳಿದದ್ದು ಇಂಟರ್ನೆಟ್ ಸೆಂಟರಿನಲ್ಲಿ ಪುಟಕ್ಕೆ ಇಷ್ಟು ಅಂತ ಪ್ರಿಂಟು. ಅಂಗಡಿಯವರಿಗೆ ವ್ಯಾಪಾರ, ಹುಡುಗನಿಗೆ ಅಂಕ, ಮೇಷ್ಟ್ರಿಗೆ ಸಹಿ. ಆ ಹುಡುಗನ ಮನೆಯ ಜಗುಲಿಯಲ್ಲಿ ಅಣೆಕಟ್ಟೆಗೆ ಕಲ್ಲು ಹೊತ್ತ ಮುದುಕ ಕೂತಿದ್ದರೂ ಇದ್ದಾನು. ಪ್ರಾಜೆಕ್ಟಿನ ಹೆಸರು ಮಾತ್ರ ‘ನಮ್ಮ ದೇಶದ ಅಣೆಕಟ್ಟುಗಳು’!

ಕೇಳಲು ಹೋದವರೂ ಎಡವುತ್ತಾರೆ. ‘ಅಜ್ಜಾ, ಹಿಂದಿನ ಕಾಲದ ಜನಜೀವನ ಹೇಗಿತ್ತು?’ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ‘ಚಲೋ ಇತ್ತಪ್ಪ, ಈಗೇನೈತಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದೇ ‘ಯವ್ವಾ, ನಿನ್ ಮದುವಿಗೆ ಎಷ್ಟು ಬಂಡಿ ಬಂದಿದ್ವು? ಬಂಡಿ ಹೊಳಿ ಹೆಂಗ ದಾಟಿದ್ವು?’ ಅಂತ ಕೇಳಿ ನೋಡಿ. ಎತ್ತಿನ ಬಣ್ಣದಿಂದ ಹಿಡಿದು ಬೀಗರು ಮುನಿಸಿಕೊಂಡ ತನಕ ಒಂದೊಂದೇ ಹೊರಗೆ ಬರುತ್ತದೆ. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ, ದೊಡ್ಡ ಪ್ರಶ್ನೆಗೆ ಸಣ್ಣ ಉತ್ತರ. ಜಾನಪದದ ಮೇಷ್ಟ್ರುಗಳು ಕ್ಷೇತ್ರಕಾರ್ಯಕ್ಕೆ ಹೋಗುವ ಹುಡುಗರಿಗೆ ಮೊದಲು ಕಲಿಸುವುದೇ ಇದನ್ನು.

ಹಗೇವಿನ ಬಗ್ಗೆ ಕೇಳಬೇಕು. ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಹಾಕಿ, ಜ್ವಾಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ತಿಳಿಯದೆ ಇಳಿದು ಜೀವ ಬಿಟ್ಟವರುಂಟು. ಮುಳುಗಡೆಯ ಊರುಗಳಲ್ಲಿ ಹಗೇವುಗಳ ಗತಿ ಏನಾಯಿತು? ಕಾಳು ಪೂರ್ತಿ ತೆಗೆದುಕೊಂಡರೋ, ನೀರು ಇಷ್ಟು ಬೇಗ ಬರುವುದಿಲ್ಲ ಎಂದು ಬಿಟ್ಟು ಕೆಟ್ಟರೋ? ಮಾಳಿಗೆ ಮನೆಗೆ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಎಲ್ಲಿಂದ ತರುತ್ತಿದ್ದರು? ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ಚರ್ಮದ ಚೀಲದಲ್ಲಿ ಬಾವಿಯ ನೀರು ಎತ್ತುತ್ತಿದ್ದ ಕಪಿಲೆ ಹೊಡೆಯುವವನು ಬೆಳಗಿನ ಎಷ್ಟು ಹೊತ್ತಿಗೆ ಏಳುತ್ತಿದ್ದ? ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿದ ಮೇಲೆ ಆ ಒಂದು ಸಾಲಿಗೆ ಊರ ಕಟ್ಟೆಯಲ್ಲಿ ಏನೇನು ಅರ್ಥ ಹೇಳುತ್ತಿದ್ದರು, ಅದನ್ನು ನಂಬಿ ಹತ್ತಿ ಬಿತ್ತಿದವರಿಗೆ ಏನಾಯಿತು? ಹಳೆಯ ಕಾರಣಿಕಗಳನ್ನು ವರ್ಷದ ಸಮೇತ ನೆನಪಿಟ್ಟ ಹಿರಿಯರು ಹಡಗಲಿ ಕಡೆ ಇನ್ನೂ ಸಿಗುತ್ತಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಊರಿಗೆ ಹೋದ ವಿದ್ಯಾರ್ಥಿಯನ್ನು ಮೊದಲು ಕರೆದು ಕುರ್ಚಿ ಹಾಕುವವರು ಗೌಡರು, ಶ್ಯಾನುಭೋಗರ ಮನೆತನದವರು. ಅವರು ಹೇಳುವುದು ಸುಳ್ಳೆಂದಲ್ಲ, ಆದರೆ ಅದು ಅವರ ಮನೆ ಬಾಗಿಲಿಂದ ಕಂಡ ಊರು. ಜಮೀನು ಇಲ್ಲದವರ ಹೆಸರು ಜಮೀನಿನ ಪರಿಹಾರದ ಪಟ್ಟಿಯಲ್ಲಿ ಹೇಗೆ ಇದ್ದೀತು? ಹರಗೋಲು ನಡೆಸಿದ ಅಂಬಿಗರು, ಹೊಳೆ ದಂಡೆಯಲ್ಲಿ ಬಟ್ಟೆ ಒಗೆದವರು, ಗಡಿಗೆ ಮಾಡಿದವರು, ದಲಿತ ಕೇರಿಯ ಜೀತದವರು, ಇವರು ಯಾವ ದಿಕ್ಕಿಗೆ ಹೋದರು? ಹೊಳೆಯೇ ಹೊಲವಾಗಿದ್ದವನಿಗೆ ಹೊಳೆ ಕೆರೆಯಾದಾಗ ಪರಿಹಾರ ಕೊಟ್ಟವರು ಯಾರು? ಕಾಗದದಲ್ಲಿ ಇಲ್ಲದವರ ಚರಿತ್ರೆ ಬಾಯಲ್ಲಿ ಮಾತ್ರ ಇದೆ. ಅದಕ್ಕೇ ಆ ಕೇರಿಗಳಿಗೆ ಮೊದಲು ಹೋಗಬೇಕು, ಆಮೇಲೆ ಕುರ್ಚಿ ಹಾಕುವವರ ಮನೆಗೆ.

ಹೆಂಗಸರನ್ನು ಕೇಳುವಾಗ ಗಂಡಸರು ನಡುವೆ ಬಾಯಿ ಹಾಕುತ್ತಾರೆ, ಇದು ಎಲ್ಲ ಊರಿನ ಪಾಡು. ಹುಡುಗಿಯರು ಒಳಗೆ ಹೋಗಿ, ಕಾಳು ಹಸನು ಮಾಡುತ್ತಾ ಕೂತು ಕೇಳಿದರೆ ಬೇರೆಯೇ ಚರಿತ್ರೆ ಸಿಕ್ಕೀತು. 1982ರ ಕಾನೂನು ನಿಷೇಧಿಸಿದ ದೇವದಾಸಿ ಪದ್ಧತಿಯಲ್ಲಿ ನಲುಗಿದ ತಾಯಂದಿರು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಅವರು ಹೇಳಿದರೆ ಕೇಳಬೇಕು, ಕೆದಕಬಾರದು. ಹೆಸರು ಹಾಕಬೇಡ ಅಂದರೆ ಹಾಕಬಾರದು. ಅವರ ಮಾತನ್ನು ಮೊಬೈಲಿನ ಗುಂಪುಗಳಿಗೆ ಹಂಚಿ ಮಜಾ ನೋಡುವ ಹುಡುಗರಿಗೆ ಈ ಕೆಲಸ ಕೊಡಲೇಬಾರದು.

ಕ್ಯಾಸೆಟ್ಟಿನ ಪಾಡು

ಹಿಂದಿನವರು ಕ್ಯಾಸೆಟ್ಟಿನಲ್ಲಿ ತುಂಬಿದರು. ಬೂಷ್ಟು ಹಿಡಿದ ಕ್ಯಾಸೆಟ್ಟು ಈಗ ತಿರುಗುವುದಿಲ್ಲ, ತಿರುಗಿದರೆ ಟೇಪು ಕತ್ತರಿಸುತ್ತದೆ. ಈಗ ಮೊಬೈಲು ಬಂತು, ಒಳ್ಳೆಯದೇ ಆಯಿತು. ಆದರೆ ಮೆಮೊರಿ ತುಂಬಿತು ಎಂದು ಅಜ್ಜಿಯ ಒಂದು ಗಂಟೆ ಮಾತು ಅಳಿಸಿ ಸಿನಿಮಾ ಹಾಕಿಕೊಂಡರೆ ಕ್ಯಾಸೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಐರ್ಲೆಂಡಿನ ಮಕ್ಕಳ ಬರಹ ಉಳಿದದ್ದು ಕಾಗದದ ಮೇಲೆ ಮಸಿಯಲ್ಲಿ ಇದ್ದದ್ದಕ್ಕೆ. ಕೇಳಿದ್ದನ್ನು ಅದೇ ವಾರ, ಹೇಳಿದವರ ಮಾತಿನ ಧಾಟಿಯಲ್ಲೇ ನೋಟ್‌ಬುಕ್ಕಿಗೆ ಇಳಿಸಬೇಕು. ‘ಹೊಳಿ’ ಅಂದದ್ದನ್ನು ‘ನದಿ’ ಎಂದು ತಿದ್ದುವ ಮೇಷ್ಟ್ರು ಪಕ್ಕಕ್ಕೆ ನಿಲ್ಲಬೇಕು. ಹೇಳಿದವರ ಹೆಸರು, ವಯಸ್ಸು, ಊರು, ಮುಳುಗಿದ ಊರಿನ ಹೆಸರು, ಕೇಳಿದ ತಾರೀಖು ಮೊದಲ ಪುಟದಲ್ಲೇ ಇರಬೇಕು. ಒಂದು ಪ್ರತಿ ಶಾಲೆಗೆ, ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಒಂದು ಹೇಳಿದವರ ಮನೆಗೆ. ಕಮಲಾಪುರದ ಪಕ್ಕದಲ್ಲೇ ಇರುವ ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಕಳಿಸಿದರೆ ಬಸ್ ಚಾರ್ಜು ಬಹಳ ಆಗುವುದಿಲ್ಲ.

ಖರ್ಚಿನ ಮಾತೇ ಇಲ್ಲ ಇದರಲ್ಲಿ. ಡಿಗ್ರಿ ಕಾಲೇಜುಗಳ ಎನ್ನೆಸ್ಸೆಸ್ ಶಿಬಿರ ವರ್ಷಕ್ಕೆ ಏಳು ದಿನ ಹಳ್ಳಿಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಚರಂಡಿ ಬಳಿಯುತ್ತಾರೆ, ಗಿಡ ನೆಡುತ್ತಾರೆ, ಸಂಜೆ ಗಣ್ಯರ ಭಾಷಣ ಕೇಳುತ್ತಾರೆ. ಏಳು ಸಂಜೆಯಲ್ಲಿ ನಾಲ್ಕು ಸಂಜೆ ಭಾಷಣ ರದ್ದು ಮಾಡಿ, ಇಬ್ಬಿಬ್ಬರು ಹುಡುಗರನ್ನು ಒಂದೊಂದು ಮನೆಯ ಜಗುಲಿಗೆ ಕಳಿಸಿದರೆ ಐವತ್ತು ಹುಡುಗರು ಇಪ್ಪತ್ತೈದು ಮನೆಯ ಚರಿತ್ರೆ ತರುತ್ತಾರೆ. ಗಣ್ಯರೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ, ಅವರನ್ನೂ ಅಜ್ಜಂದಿರ ಪಕ್ಕ ಕೂರಿಸಿದರಾಯಿತು.

ಮರಿಯಮ್ಮನಹಳ್ಳಿಯಲ್ಲಿ ಪ್ರತಿ ವರ್ಷ ಲಕ್ಷ್ಮೀನಾರಾಯಣ, ಆಂಜನೇಯ ಸ್ವಾಮಿಯರ ಜೋಡಿ ತೇರು ಎಳೆಯುತ್ತಾರೆ. ಆ ದೇವರುಗಳು ಮುಳುಗಿದ ನಾರಾಯಣದೇವರಕೆರೆಯಿಂದ ಬಂದವರು. ದೇವರನ್ನು ತಂದ ದಿನ ಮೆರವಣಿಗೆ ಯಾವ ದಾರಿಯಲ್ಲಿ ಬಂತು, ಯಾರು ಹೊತ್ತರು ಎಂಬುದನ್ನು ಮಗುವಾಗಿ ಕಣ್ಣಾರೆ ಕಂಡವರು ಈಗ ತೇರಿನ ದಿನ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹಗ್ಗ ಹಿಡಿಯುವ ಶಕ್ತಿ ಇಲ್ಲ, ಮಾತಾಡುವ ಶಕ್ತಿ ಇದೆ.

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಹಿನ್ನೀರು ತಗ್ಗಿ ಕೆಸರು ಒಣಗಿ ದನ ಮೇಯುವ ಬಯಲು ಆಗುವುದೂ ಆಗಲೇ. ಹೊಳೆ ಕಡೆ ನಡೆಯಲು ಆಗುವ ಹಿರಿಯರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ‘ಯಜ್ಜಾ, ನಿಮ್ಮನಿ ಎಲ್ಲಿತ್ತು ತೋರಿಸು’ ಅನ್ನಬಹುದು. ಜುಲೈ ಹೊತ್ತಿಗೆ ಮಲೆನಾಡಿನ ಮಳೆ ಬಂದು ಆ ಜಾಗ ಮತ್ತೆ ನೀರಿನ ಕೆಳಗೆ ಹೋಗುತ್ತದೆ.